ಸ್ಟ್ರೋಕ್ ಆದ ಮೇಲೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್: ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿಯ ನಮ್ಮ ಔಷಧದಂಗಡಿಗೆ ಬರುವವರಲ್ಲಿ ಕನ್ನಡಿಗರು ಬಹಳ. ಉಡುಪಿ ಕಡೆಯ ಹೋಟೆಲಿನವರು, ವಿಜಯಪುರ, ಕಲಬುರಗಿಯಿಂದ ಬಂದು ನೆಲೆಸಿದವರು, ಮಗನ ಮನೆಗೆಂದು ಬಂದು ಇಲ್ಲೇ ಉಳಿದ ತಂದೆತಾಯಿ. ಆಸ್ಪತ್ರೆಯಲ್ಲಿ ಮರಾಠಿಯಲ್ಲೋ ಹಿಂದಿಯಲ್ಲೋ ಹೇಳಿದ್ದನ್ನು ಅರ್ಧಂಬರ್ಧ ಕೇಳಿಸಿಕೊಂಡು, ಡಿಸ್ಚಾರ್ಜ್ ಚೀಟಿ ಹಿಡಿದು ಕೌಂಟರಿನ ಮುಂದೆ ನಿಂತು ಅವರು ಕನ್ನಡದಲ್ಲಿ ಕೇಳುವ ಪ್ರಶ್ನೆಗಳಿವು. ಲಕ್ವ ಹೊಡೆದು ಚೇತರಿಸಿಕೊಂಡವರಿಗೆ ಮತ್ತೊಮ್ಮೆ ಆಗದಿರಲೆಂದು ಕೊಡುವ ಗುಳಿಗೆಗಳ ವಿಚಾರ ಮಾತ್ರ ಇಲ್ಲಿದೆ.

ಯಾವ ಗುಳಿಗೆ, ಎಷ್ಟು, ಎಲ್ಲಿಯವರೆಗೆ ಎಂಬುದನ್ನು ನಿರ್ಧರಿಸುವವರು ನಿಮ್ಮ ಡಾಕ್ಟರು. ಆದರೆ "ಎಲ್ಲಿಯವರೆಗೆ" ಎಂದು ಬಾಯಿಬಿಟ್ಟು ಕೇಳಿ, ಚೀಟಿಯ ಮೇಲೆ ಬರೆಸಿಕೊಳ್ಳುವ ಕೆಲಸ ಮನೆಯವರದು. ಅದನ್ನು ಕೇಳದೆ ಬಂದವರಲ್ಲೇ ನಾನು ಹೆಚ್ಚು ತೊಂದರೆ ಕಂಡಿದ್ದೇನೆ. ಜೀವನಪೂರ್ತಿ ತೆಗೆದುಕೊಳ್ಳಬೇಕಾದದ್ದನ್ನು ಎರಡು ತಿಂಗಳಿಗೆ ಬಿಡುತ್ತಾರೆ. ಮೂರು ವಾರಕ್ಕೆ ನಿಲ್ಲಿಸಬೇಕಾದದ್ದನ್ನು ವರ್ಷಗಟ್ಟಲೆ ನುಂಗುತ್ತಾರೆ.

ಇದು ರಕ್ತ ತೆಳು ಮಾಡುವ ಗುಳಿಗೆ ಅಲ್ಲವೇ? ಮೊದಲೇ ನಿಶ್ಶಕ್ತಿ, ರಕ್ತ ತೆಳುವಾದರೆ ಇನ್ನಷ್ಟು ಸುಸ್ತಾಗುವುದಿಲ್ಲವೇ?

ರಕ್ತ ನೀರಾಗುವುದಿಲ್ಲ, ಇದರಿಂದ ನಿಶ್ಶಕ್ತಿಯೂ ಬರುವುದಿಲ್ಲ. ನಮ್ಮ ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಸಣ್ಣ ಸಣ್ಣ ಕಣಗಳಿವೆ. ಗಾಯವಾದಲ್ಲಿ ಒಂದಕ್ಕೊಂದು ಅಂಟಿಕೊಂಡು ರಕ್ತ ಸೋರುವುದನ್ನು ತಡೆಯುವುದು ಅವುಗಳ ಕೆಲಸ. ಕುತ್ತಿಗೆಯ ಅಥವಾ ಮಿದುಳಿನ ರಕ್ತನಾಳದೊಳಗೆ ಕೊಬ್ಬು ಕಟ್ಟಿ, ಆ ಪದರ ಬಿರುಕು ಬಿಟ್ಟರೆ ಅದನ್ನೂ ಗಾಯವೆಂದೇ ತಿಳಿದು ಅಲ್ಲಿ ಗುಂಪುಗೂಡುತ್ತವೆ. ಆ ಗಡ್ಡೆ ನಾಳವನ್ನು ಮುಚ್ಚಿದರೆ ಮಿದುಳಿನ ಆ ಭಾಗಕ್ಕೆ ರಕ್ತ ನಿಲ್ಲುತ್ತದೆ. ಪ್ಲೇಟ್‌ಲೆಟ್‌ಗಳ ಈ ಅಂಟುವ ಗುಣವನ್ನು ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಬೇರೆ ಬೇರೆ ದಾರಿಯಲ್ಲಿ ಕುಗ್ಗಿಸುತ್ತವೆ.

ಆಸ್ಪಿರಿನ್ ಒಮ್ಮೆ ತಾಗಿದ ಪ್ಲೇಟ್‌ಲೆಟ್ ಮತ್ತೆ ಮೊದಲಿನಂತೆ ಆಗುವುದಿಲ್ಲ. ಅದರ ಆಯುಸ್ಸು 7ರಿಂದ 10 ದಿನ. ಅಷ್ಟೂ ದಿನ ಹಾಗೇ ಇರುತ್ತದೆ. ಆದರೆ ಎಲುಬಿನ ಮಜ್ಜೆಯಿಂದ ಪ್ರತಿದಿನ ಹೊಸ ಪ್ಲೇಟ್‌ಲೆಟ್‌ಗಳು ಹೊರಬರುತ್ತಲೇ ಇರುತ್ತವೆ, ಅವು ಪೂರ್ತಿ ಅಂಟುವ ಶಕ್ತಿ ಇಟ್ಟುಕೊಂಡೇ ಬರುತ್ತವೆ. ದಿನಕ್ಕೊಂದು ಗುಳಿಗೆ ಬೇಕಾಗುವುದು ಇದಕ್ಕೇ. ಇನ್ನೊಂದು ಮಾತು: ಈ ಗುಳಿಗೆ ಪ್ಲೇಟ್‌ಲೆಟ್‌ಗಳ ಸಂಖ್ಯೆಯನ್ನು ಇಳಿಸುವುದಿಲ್ಲ. ರಿಪೋರ್ಟಿನಲ್ಲಿ ಎರಡೂವರೆ ಲಕ್ಷ ಎಂದು ಬಂದರೆ ಔಷಧ ಕೆಲಸ ಮಾಡುತ್ತಿಲ್ಲ ಎಂದು ಅರ್ಥವಲ್ಲ.

ಎಲ್ಲ ಲಕ್ವಕ್ಕೂ ಇದೇ ಔಷಧವೇ?

ಅಲ್ಲ. ರಕ್ತನಾಳ ಮುಚ್ಚಿ ಆಗುವ ಸ್ಟ್ರೋಕ್ ಒಂದು, ನಾಳ ಒಡೆದು ಮಿದುಳಿನೊಳಗೆ ರಕ್ತ ಸೋರುವುದು ಇನ್ನೊಂದು. ಮೊದಲನೆಯದೇ ಹೆಚ್ಚು, ಈ ಗುಳಿಗೆಗಳು ಇರುವುದು ಅದಕ್ಕೆ. ರಕ್ತಸ್ರಾವ ಆದವರು ನರರೋಗ ತಜ್ಞರು ಹೇಳದೆ ಇದನ್ನು ಮುಟ್ಟಬಾರದು. ಹೊರಗೆ ನೋಡಿದರೆ ಎರಡೂ ಒಂದೇ ತರಹ, ಕೈಕಾಲು ಬೀಳುತ್ತದೆ, ಬಾಯಿ ಸೊಟ್ಟಗಾಗುತ್ತದೆ. ಸಿಟಿ ಸ್ಕ್ಯಾನ್ ಮಾಡದೆ ಯಾವುದೆಂದು ಹೇಳಲು ಯಾರಿಂದಲೂ ಆಗದು. ಪಕ್ಕದ ಬಿಲ್ಡಿಂಗಿನವರಿಗೆ ಕೊಟ್ಟ ಗುಳಿಗೆಯ ಹೆಸರು ಬರೆದುಕೊಂಡು ಬರಬೇಡಿ ಎಂದು ನಾನು ಕೈಮುಗಿದು ಹೇಳುವುದು ಈ ಕಾರಣಕ್ಕೆ.

ಮುಚ್ಚಿದ ನಾಳದ ಸ್ಟ್ರೋಕ್‌ನಲ್ಲೂ ಒಂದು ಬೇರೆ ಗುಂಪಿದೆ. ಹೃದಯದ ಬಡಿತ ತಾಳ ತಪ್ಪಿ, ಹೃದಯದಲ್ಲೇ ಗಡ್ಡೆ ಕಟ್ಟಿ ಅದು ಮಿದುಳಿಗೆ ಹೋಗಿರುತ್ತದೆ. ಅವರಿಗೆ ಆಸ್ಪಿರಿನ್ ಸಾಲದು. ವಾರ್ಫರಿನ್, ಅಸಿಟ್ರೋಮ್, ಡಾಬಿಗಾಟ್ರಾನ್, ಅಪಿಕ್ಸಾಬಾನ್‌ನಂಥ ಬೇರೆ ವರ್ಗದ ಔಷಧ ಬೇಕು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ ಐಎನ್ಆರ್ ರಕ್ತಪರೀಕ್ಷೆ, ಸೊಪ್ಪು ತಿನ್ನುವುದರಲ್ಲಿ ಎಚ್ಚರ ಎಂದು ನೀವು ಕೇಳಿರುವ ಮಾತೆಲ್ಲ ವಾರ್ಫರಿನ್, ಅಸಿಟ್ರೋಮ್‌ಗೆ ಸೇರಿದ್ದು. ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ಗೆ ಐಎನ್ಆರ್ ಬೇಡ. ಬಸಳೆ, ಪಾಲಕ್, ಮೆಂತ್ಯ ಧಾರಾಳವಾಗಿ ತಿನ್ನಿ.

ಮಾವನವರಿಗೆ ಹತ್ತು ನಿಮಿಷ ಮಾತು ತೊದಲಿ ಸರಿಹೋಯಿತು. ಈಗ ಚೆನ್ನಾಗಿದ್ದಾರೆ. ಗುಳಿಗೆ ಯಾಕೆ?

ತಾನಾಗಿ ಸರಿಹೋದದ್ದನ್ನು ಟಿಐಎ ಎನ್ನುತ್ತಾರೆ. ನಾಳ ಮುಚ್ಚಿ ಮತ್ತೆ ತೆರೆದುಕೊಂಡಿದೆ ಅಷ್ಟೆ, ಮುಚ್ಚಲು ಕಾರಣವಾದದ್ದು ಒಳಗೆ ಹಾಗೇ ಇದೆ. ದೊಡ್ಡ ಸ್ಟ್ರೋಕ್ ಬರುವ ಅಪಾಯ ಅತಿ ಹೆಚ್ಚಿರುವುದು ಮುಂದಿನ ಎರಡು ದಿನಗಳಲ್ಲಿ, ಆಮೇಲೆ ಮುಂದಿನ ಕೆಲವು ವಾರಗಳಲ್ಲಿ. "ಸೋಮವಾರ ತೋರಿಸೋಣ" ಎನ್ನುವ ಕಾಯಿಲೆ ಇದಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಿ.

ಎರಡು ಗುಳಿಗೆ ಬರೆದಿದ್ದಾರೆ. ಎರಡನ್ನೂ ಕೊನೆತನಕ ತೆಗೆದುಕೊಳ್ಳಬೇಕೇ?

ಎಲ್ಲಕ್ಕಿಂತ ಹೆಚ್ಚು ಗೊಂದಲ ಇಲ್ಲಿಯೇ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಸಣ್ಣ ಪ್ರಮಾಣದ ಸ್ಟ್ರೋಕ್ ಅಥವಾ ಅಪಾಯದ ಟಿಐಎ ಆದವರಿಗೆ ಮೊದಲ ದಿನದಿಂದಲೇ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಎರಡನ್ನೂ ಕೊಡುವ ಕ್ರಮ ಈಗ ಎಲ್ಲ ಕಡೆ ಇದೆ. 2013ರಲ್ಲಿ ಪ್ರಕಟವಾದ ಚೀನಾದ ಚಾನ್ಸ್ ಅಧ್ಯಯನದಲ್ಲಿ 5,170 ಜನರಿದ್ದರು. ಬರೀ ಆಸ್ಪಿರಿನ್ ತೆಗೆದುಕೊಂಡವರಲ್ಲಿ 90 ದಿನಗಳೊಳಗೆ ನೂರಕ್ಕೆ 11.7 ಮಂದಿಗೆ ಮತ್ತೆ ಸ್ಟ್ರೋಕ್ ಆಯಿತು. ಮೊದಲ 21 ದಿನ ಎರಡನ್ನೂ ತೆಗೆದುಕೊಂಡವರಲ್ಲಿ ಅದು 8.2ಕ್ಕೆ ಇಳಿಯಿತು. ಶುರುವಿನ ದಿನಗಳಲ್ಲಿ ಇದು ದೊಡ್ಡ ಲಾಭವೇ.

ಹಾಗಾದರೆ ಎರಡನ್ನೂ ಮುಂದುವರಿಸಿದರೆ ಇನ್ನೂ ಒಳ್ಳೆಯದಲ್ಲವೇ? ಅದನ್ನೂ ಪರೀಕ್ಷಿಸಿ ನೋಡಿದ್ದಾರೆ. 2004ರ ಮ್ಯಾಚ್ ಅಧ್ಯಯನದಲ್ಲಿ ಒಂದೂವರೆ ವರ್ಷ ಎರಡನ್ನೂ ಕೊಟ್ಟರು. ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಸಿಗಲಿಲ್ಲ. ಜೀವಕ್ಕೆ ಅಪಾಯ ತರುವ ರಕ್ತಸ್ರಾವ ಮಾತ್ರ ನೂರಕ್ಕೆ 1.3ರಿಂದ 2.6ಕ್ಕೆ ಏರಿತು, ಅಂದರೆ ಎರಡರಷ್ಟು. ಮೊದಲ ವಾರಗಳು ಕಳೆದಂತೆ ಎರಡನೆಯ ಗುಳಿಗೆಯ ಲಾಭ ಕರಗುತ್ತದೆ, ರಕ್ತಸ್ರಾವದ ಅಪಾಯ ಮಾತ್ರ ದಿನದಿನವೂ ಜೊತೆಗಿರುತ್ತದೆ. ಆದ್ದರಿಂದ ಸಾಮಾನ್ಯವಾಗಿ 21 ದಿನ ಎರಡು, ಆಮೇಲೆ ಒಂದೇ.

ಆದರೆ ಇದನ್ನು ಓದಿ 22ನೆಯ ದಿನ ನೀವಾಗಿ ಒಂದನ್ನು ಬಿಡಬೇಡಿ. ಮಿದುಳಿನೊಳಗಿನ ದೊಡ್ಡ ನಾಳ ಬಹಳ ಕಿರಿದಾಗಿದ್ದರೆ 90 ದಿನ ಎರಡೂ ಬೇಕೆನ್ನುತ್ತಾರೆ. ಹೃದಯಕ್ಕೋ ಕುತ್ತಿಗೆಯ ನಾಳಕ್ಕೋ ಸ್ಟೆಂಟ್ ಹಾಕಿದ್ದರೆ ಲೆಕ್ಕವೇ ಬೇರೆ; ಹೃದಯದ ಸ್ಟೆಂಟ್ ಆದವರು ಬೇಗ ಬಿಟ್ಟರೆ ಸ್ಟೆಂಟೇ ಮುಚ್ಚಿ ಪ್ರಾಣಕ್ಕೆ ಬರಬಹುದು. ಡಿಸ್ಚಾರ್ಜ್ ದಿನ ಡಾಕ್ಟರನ್ನು ಹೀಗೆ ಕೇಳಿ: "ಎರಡರಲ್ಲಿ ಯಾವುದು ನಿಲ್ಲಬೇಕು, ಯಾವ ತಾರೀಕಿಗೆ?" ಅವರು ಹೇಳಿದ ತಾರೀಕನ್ನು ಆ ಗುಳಿಗೆಯ ಸ್ಟ್ರಿಪ್ಪಿನ ಮೇಲೇ ಮಾರ್ಕರ್ ಪೆನ್ನಿನಲ್ಲಿ ಬರೆಯಿರಿ. ಚೀಟಿ ಕಪಾಟಿನಲ್ಲಿ ಕಳೆದುಹೋಗುತ್ತದೆ, ಸ್ಟ್ರಿಪ್ಪು ದಿನಾ ಕಣ್ಣಿಗೆ ಬೀಳುತ್ತದೆ.

ಇಕೋಸ್ಪ್ರಿನ್, ಇಕೋಸ್ಪ್ರಿನ್ ಎವಿ, ಇಕೋಸ್ಪ್ರಿನ್ ಗೋಲ್ಡ್: ಮೂರೂ ಒಂದೇ ಅಲ್ಲವೇ?

ಅಲ್ಲವೇ ಅಲ್ಲ. ಇಕೋಸ್ಪ್ರಿನ್ ಎಂದರೆ ಬರೀ ಆಸ್ಪಿರಿನ್. ಎವಿಯಲ್ಲಿ ಆಸ್ಪಿರಿನ್ ಜೊತೆಗೆ ಕೊಲೆಸ್ಟರಾಲ್ ಇಳಿಸುವ ಅಟೊರ್ವಾಸ್ಟಾಟಿನ್ ಇದೆ. ಗೋಲ್ಡ್‌ನಲ್ಲಿ ಆ ಎರಡರ ಜೊತೆಗೆ ಕ್ಲೋಪಿಡೋಗ್ರೆಲ್ ಕೂಡ ಸೇರಿದೆ. ಕ್ಲೋಪಿಲೆಟ್ ಬರೀ ಕ್ಲೋಪಿಡೋಗ್ರೆಲ್. ಅದರ ಹೆಸರಿನ ಕೊನೆಗೆ ಎ ಅಕ್ಷರ ಸೇರಿದರೆ ಒಳಗೆ ಆಸ್ಪಿರಿನ್ ಕೂಡ ಸೇರಿತು.

ಕೌಂಟರಿನಲ್ಲಿ ಆಗುವುದು ಹೀಗೆ. ನರರೋಗ ತಜ್ಞರು ಗೋಲ್ಡ್ ಬರೆದಿರುತ್ತಾರೆ. ಮನೆಯಲ್ಲಿ ಫ್ಯಾಮಿಲಿ ಡಾಕ್ಟರು ಹಿಂದೆಯೇ ಬರೆದ ಇಕೋಸ್ಪ್ರಿನ್ 75 ಇರುತ್ತದೆ. ಅದರ ಜೊತೆಗೆ ಅಟೊರ್ವಾ 40 ಬೇರೆ. ಅಮ್ಮ ಮೂರನ್ನೂ ಭಕ್ತಿಯಿಂದ ನುಂಗುತ್ತಾರೆ. ಹೀಗೆ ಆಸ್ಪಿರಿನ್ ಎರಡು ಸಲ, ಅಟೊರ್ವಾ ಎರಡು ಸಲ ಹೊಟ್ಟೆಗೆ ಹೋಗುತ್ತದೆ. ಮನೆಯಲ್ಲಿರುವ ಎಲ್ಲ ಸ್ಟ್ರಿಪ್ಪುಗಳನ್ನೂ, ಹಳೆಯದನ್ನೂ ಬಿಡದೆ, ಒಂದು ಚೀಲದಲ್ಲಿ ಹಾಕಿಕೊಂಡು ಡಾಕ್ಟರ ಹತ್ತಿರವೋ ನಿಮ್ಮ ಫಾರ್ಮಸಿಸ್ಟ್ ಹತ್ತಿರವೋ ಹೋಗಿ ಮೇಜಿನ ಮೇಲೆ ಹರಡಿ. ಹತ್ತು ನಿಮಿಷದ ಕೆಲಸ. ಕತ್ತರಿಸಿದ ಸ್ಟ್ರಿಪ್ ಕೊಂಡರೆ ಹೆಸರು, ತಾರೀಕು ಇರುವ ಭಾಗವೇ ಹೋಗಿರುತ್ತದೆ, ಹಾಗೆ ಕೊಳ್ಳಬೇಡಿ.

ನಿಜವಾಗಿ ಎಷ್ಟು ಪ್ರಯೋಜನ?

2002ರಲ್ಲಿ 287 ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದ್ದಾರೆ. ಸ್ಟ್ರೋಕ್ ಅಥವಾ ಟಿಐಎ ಆಗಿದ್ದ ಸಾವಿರ ಜನ ಸುಮಾರು ಎರಡು ವರ್ಷ ಈ ಔಷಧ ತೆಗೆದುಕೊಂಡಾಗ 36 ಜನ ಮತ್ತೊಂದು ಸ್ಟ್ರೋಕ್, ಹೃದಯಾಘಾತ ಅಥವಾ ಅದರಿಂದಾಗುವ ಸಾವಿನಿಂದ ಪಾರಾದರು. ಅಪಾಯ ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ. ಆಸ್ಪಿರಿನ್ 75ರ ಒಂದು ಗುಳಿಗೆಗೆ ಒಂದು ರೂಪಾಯಿಯೂ ಬೀಳುವುದಿಲ್ಲ. ಅಷ್ಟು ಅಗ್ಗದ ಗುಳಿಗೆಯಿಂದ ಇಷ್ಟು ಲಾಭ ನಮ್ಮ ಅಂಗಡಿಯ ಕಪಾಟಿನಲ್ಲಿ ಬೇರೆ ಹೆಚ್ಚಿಲ್ಲ. ಅಗ್ಗ ಎಂಬುದಕ್ಕೇ ಕೆಲವರು ಇದನ್ನು ಹಗುರವಾಗಿ ಕಾಣುತ್ತಾರೆ, ಅದು ನನಗೆ ಬಹಳ ಬೇಸರ.

ಒಂದು ದಿನ ಮರೆತರೆ?

ಅದೇ ದಿನ ನೆನಪಾದರೆ ಆಗಲೇ ತೆಗೆದುಕೊಳ್ಳಿ. ಮರುದಿನ ನೆನಪಾದರೆ ಆ ದಿನದ್ದು ಮಾತ್ರ. ಎರಡು ಸೇರಿಸಿ ನುಂಗಬೇಡಿ.

ಒಂದು ವರ್ಷವಾಯಿತು, ಅಪ್ಪ ತಾವೇ ನಡೆಯುತ್ತಾರೆ, ವಾಕಿಂಗ್ ಹೋಗುತ್ತಾರೆ. ಇನ್ನು ಬಿಡಬಹುದೇ?

ಬಿಡಬಾರದು. ಕೈಕಾಲು ಸರಿಯಾಗಿದ್ದು ಫಿಸಿಯೋಥೆರಪಿಯಿಂದ, ಮಿದುಳಿನ ಚೇತರಿಕೆಯಿಂದ. ಈ ಗುಳಿಗೆ ಇರುವುದು ಮುಂದೆ ಆಗುವುದನ್ನು ತಡೆಯಲು. ಕೆಲಸ ಮಾಡುತ್ತಿದೆ ಎಂಬುದಕ್ಕೆ ಅಪ್ಪನಿಗೆ ಏನೂ ಗೊತ್ತಾಗುವುದಿಲ್ಲ. ನಿಲ್ಲಿಸಿದರೆ ಒಂದೆರಡು ವಾರದಲ್ಲಿ ಪ್ಲೇಟ್‌ಲೆಟ್‌ಗಳೆಲ್ಲ ಹೊಸದಾಗಿ ಮತ್ತೆ ಮೊದಲಿನಂತೆ ಅಂಟತೊಡಗುತ್ತವೆ. ನಿಲ್ಲಿಸಿದ ಬೆನ್ನಿಗೇ ಅಪಾಯ ಏರುತ್ತದೆ ಎಂಬುದು ಮೊದಲಿನಿಂದಲೂ ಕಂಡ ಸಂಗತಿ.

ಬೇಕೆಂದು ಬಿಡುವವರಿಗಿಂತ ತಿಳಿಯದೆ ಬಿಡುವವರೇ ಜಾಸ್ತಿ. ಇಕೋಸ್ಪ್ರಿನ್ 75ರ ಸ್ಟ್ರಿಪ್ಪಿನಲ್ಲಿ 14 ಗುಳಿಗೆ. ತಿಂಗಳಿಗೆಂದು ಎರಡು ಸ್ಟ್ರಿಪ್ ಒಯ್ದರೆ 28 ಆಯಿತು. 29ನೆಯ ತಾರೀಕಿಗೆ ಡಬ್ಬಿ ಖಾಲಿ, ಪಗಾರ ಬರುವುದು ಒಂದಕ್ಕೋ ಏಳಕ್ಕೋ. ಹೀಗೆ ಪ್ರತಿ ತಿಂಗಳೂ ಕೆಲವು ದಿನ ಖಾಲಿ ಹೋಗುತ್ತದೆ, ಮನೆಯವರ ಲೆಕ್ಕದಲ್ಲಿ ಮಾತ್ರ ಗುಳಿಗೆ ನಡೆಯುತ್ತಲೇ ಇರುತ್ತದೆ. ಮೂರು ಸ್ಟ್ರಿಪ್ ಒಯ್ಯಿರಿ. ಹಣದ ಅಡಚಣೆ ಇದ್ದರೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ, ಕ್ಲೋಪಿಡೋಗ್ರೆಲ್ ಅಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ.

ಹಲ್ಲು ಕೀಳಿಸಬೇಕು, ಕಣ್ಣಿನ ಪೊರೆ ಆಪರೇಷನ್ ಇದೆ. ನಿಲ್ಲಿಸಲೇ?

ಹಲ್ಲು ಕೀಳಲು, ಕಣ್ಣಿನ ಪೊರೆ ತೆಗೆಯಲು ಸಾಮಾನ್ಯವಾಗಿ ನಿಲ್ಲಿಸಬೇಕಾಗಿಲ್ಲ. ಹಲ್ಲಿನ ಜಾಗದಲ್ಲಿ ರಕ್ತ ಸ್ವಲ್ಪ ಹೊತ್ತು ಹೆಚ್ಚು ಬರಬಹುದು, ಹತ್ತಿ ಒತ್ತಿ ಹಿಡಿದರೆ, ಬೇಕಾದರೆ ಹೊಲಿಗೆ ಹಾಕಿದರೆ ನಿಲ್ಲುತ್ತದೆ. ದಂತವೈದ್ಯರು "ಐದು ದಿನ ಬಿಟ್ಟು ಬನ್ನಿ" ಎಂದರೆ ಸ್ಟ್ರೋಕ್ ನೋಡಿದ ಡಾಕ್ಟರಿಗೆ ಫೋನ್ ಮಾಡಿ ಕೇಳಿದ ಮೇಲೆಯೇ ಮುಂದಿನ ಮಾತು. ದೊಡ್ಡ ಆಪರೇಷನ್‌ಗೆ ನಿಲ್ಲಿಸಬೇಕಾಗಬಹುದು. ಆಗ ಎಂದು ನಿಲ್ಲಿಸುವುದು ಎನ್ನುವುದರ ಜೊತೆಗೆ ಎಂದು ಮತ್ತೆ ಶುರು ಮಾಡುವುದು ಎಂದೂ ಬರೆಸಿಕೊಳ್ಳಿ. ಆಪರೇಷನ್ ಗಡಿಬಿಡಿಯಲ್ಲಿ ಮತ್ತೆ ಶುರು ಮಾಡುವುದೇ ಮರೆತುಹೋಗುತ್ತದೆ.

ಹೊಟ್ಟೆ ಉರಿಯುತ್ತದೆ. ಒಮೆಜ್ ತೆಗೆದುಕೊಳ್ಳಬಹುದೇ?

ಆಸ್ಪಿರಿನ್ ಊಟದ ಮೇಲೆ ತೆಗೆದುಕೊಳ್ಳಿ. ಉರಿ ಇದ್ದರೆ ಡಾಕ್ಟರಿಗೆ ಹೇಳಿ, ಸುಮ್ಮನೆ ಗುಳಿಗೆ ಬಿಡಬೇಡಿ. ವಯಸ್ಸಾದವರಿಗೆ, ಹಿಂದೆ ಅಲ್ಸರ್ ಆದವರಿಗೆ, ಎರಡು ಗುಳಿಗೆ ನಡೆಯುತ್ತಿರುವವರಿಗೆ ಹೊಟ್ಟೆ ಕಾಯುವ ಔಷಧವನ್ನು ಜೊತೆಗೇ ಕೊಡುವುದುಂಟು. ಕ್ಲೋಪಿಡೋಗ್ರೆಲ್ ನಡೆಯುತ್ತಿದ್ದರೆ ಒಮೆಪ್ರಜೋಲ್ ಬೇಡ, ಒಮೆಜ್ ಎಂದರೆ ಅದೇ. ಕ್ಲೋಪಿಡೋಗ್ರೆಲ್ ಯಕೃತ್ತಿನಲ್ಲಿ ಬದಲಾದ ಮೇಲಷ್ಟೇ ಕೆಲಸಕ್ಕೆ ಬರುವ ಔಷಧ. ಹಾಗೆ ಬದಲಾಗುವುದನ್ನು ಒಮೆಪ್ರಜೋಲ್, ಎಸೊಮೆಪ್ರಜೋಲ್ ತಡೆಯುತ್ತವೆ. ಪ್ಯಾಂಟೊಪ್ರಜೋಲ್‌ನಿಂದ ಆ ತೊಂದರೆ ಕಡಿಮೆ. ಭಾರತೀಯರಲ್ಲಿ ಹುಟ್ಟಿನಿಂದಲೇ ಈ ಬದಲಾವಣೆ ನಿಧಾನವಾಗಿ ಆಗುವವರೂ ಸಾಕಷ್ಟಿದ್ದಾರೆ. ಕ್ಲೋಪಿಡೋಗ್ರೆಲ್ ನಡೆದಿದ್ದಾಗಲೇ ಮತ್ತೆ ಸ್ಟ್ರೋಕ್ ಆದರೆ ಡಾಕ್ಟರು ಔಷಧ ಬದಲಿಸುವುದಕ್ಕೆ ಇದೂ ಒಂದು ಕಾರಣ.

ಕೈಮೇಲೆ ನೀಲಿ ಕಲೆ ಬರುತ್ತಿದೆ. ಹೆದರಬೇಕೇ?

ಸಣ್ಣ ಪೆಟ್ಟಿಗೂ ಕಲೆಯಾಗುವುದು, ಗಡ್ಡ ಹೆರೆಯುವಾಗ ಕೊಯ್ದರೆ ರಕ್ತ ನಿಲ್ಲಲು ತುಸು ಹೊತ್ತು ಹಿಡಿಯುವುದು ಸಹಜ. ಹೆದರಬೇಕಾದದ್ದು ಮಲ ಟಾರಿನಂತೆ ಕಪ್ಪಾಗಿ ಅಂಟಂಟಾಗಿ, ಕೆಟ್ಟ ವಾಸನೆಯಿಂದ ಬಂದರೆ. ಕಬ್ಬಿಣದ ಗುಳಿಗೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ, ಆದರೆ ಅಂಟುವುದಿಲ್ಲ. ಕಾಫಿ ಪುಡಿಯಂಥ ವಾಂತಿ, ಕೆಂಪು ಮೂತ್ರ, ಕಾಲು ಗಂಟೆ ಒತ್ತಿ ಹಿಡಿದರೂ ನಿಲ್ಲದ ಮೂಗಿನ ರಕ್ತ, ಹಿಂದೆಂದೂ ಕಾಣದ ತಲೆಸಿಡಿತ, ಇವುಗಳಲ್ಲಿ ಯಾವುದಾದರೂ ಕಂಡರೆ ಆಸ್ಪತ್ರೆಗೆ ಓಡಬೇಕು. ಬಚ್ಚಲಲ್ಲಿ ಜಾರಿಯೋ ಲೋಕಲ್ ಹತ್ತುವ ನೂಕುನುಗ್ಗಲಲ್ಲೋ ತಲೆಗೆ ಜೋರಾಗಿ ಪೆಟ್ಟಾದರೆ, ಹೊರಗೆ ಗಾಯ ಕಾಣದಿದ್ದರೂ ತೋರಿಸಿ.

ಮಳೆಗಾಲದಲ್ಲಿ ಜ್ವರ ಬಂದರೆ ಏನು ಮಾಡುವುದು?

ಮುಂಬಯಿಯಲ್ಲಿ ಇದನ್ನು ಕೇಳಲೇಬೇಕು. ಜೂನ್‌ನಿಂದ ಡೆಂಗ್ಯೂ, ಮಲೇರಿಯಾ ಮನೆಮನೆಗೆ ಬರುತ್ತವೆ, ಎರಡರಲ್ಲೂ ಪ್ಲೇಟ್‌ಲೆಟ್ ಸಂಖ್ಯೆ ಇಳಿಯುತ್ತದೆ. ಒಂದು ಕಡೆ ಸಂಖ್ಯೆ ಕುಸಿಯುತ್ತದೆ, ಇನ್ನೊಂದು ಕಡೆ ಉಳಿದವುಗಳ ಅಂಟುವ ಶಕ್ತಿಯನ್ನು ಗುಳಿಗೆ ಕುಗ್ಗಿಸಿರುತ್ತದೆ. ರಕ್ತಸ್ರಾವಕ್ಕೆ ಇದಕ್ಕಿಂತ ಬೇರೆ ದಾರಿ ಬೇಕಿಲ್ಲ. ಜ್ವರ ಬಂದ ದಿನವೇ ಡಾಕ್ಟರ ಹತ್ತಿರ ಹೋಗಿ, "ಸ್ಟ್ರೋಕ್ ಆಗಿದೆ, ಈ ಗುಳಿಗೆ ನಡೆಯುತ್ತಿದೆ" ಎಂದು ಅವರು ಕೇಳದಿದ್ದರೂ ಹೇಳಿ. ಪ್ಲೇಟ್‌ಲೆಟ್ ಎಣಿಕೆ ನೋಡಿ ಕೆಲವು ದಿನ ತಡೆಹಿಡಿಯಬೇಕೋ ಬೇಡವೋ ಅವರು ಹೇಳುತ್ತಾರೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಡಿಸ್ಪ್ರಿನ್ ಬೇಡ, ಅದೂ ಆಸ್ಪಿರಿನ್ನೇ. ಕಾಂಬಿಫ್ಲಾಮ್ ಬೇಡ.

ಅತ್ತೆಗೆ ಮಂಡಿನೋವು. ಕಾಂಬಿಫ್ಲಾಮ್, ವೊವೆರಾನ್ ಕೊಡುತ್ತಿದ್ದೆವು.

ಕಾಂಬಿಫ್ಲಾಮ್‌ನಲ್ಲಿರುವ ಐಬುಪ್ರೊಫೆನ್, ಆಸ್ಪಿರಿನ್ ಹೋಗಿ ಕೂರಬೇಕಾದ ಜಾಗದಲ್ಲಿ ತಾನು ಮೊದಲೇ ಕೂತು ಅದರ ಕೆಲಸವನ್ನು ಕೆಡಿಸುತ್ತದೆ. ವೊವೆರಾನ್ ಎಂದರೆ ಡೈಕ್ಲೊಫೆನಾಕ್, ಅದು ಹೊಟ್ಟೆಯ ರಕ್ತಸ್ರಾವವನ್ನೂ ಬಿಪಿಯನ್ನೂ ಏರಿಸುತ್ತದೆ. ನೋವಿಗೆ ಪ್ಯಾರಾಸಿಟಮಾಲ್, ಬಿಸಿ ಶಾಖ, ವ್ಯಾಯಾಮ. ಅದಕ್ಕೂ ತಡೆಯದಿದ್ದರೆ ಡಾಕ್ಟರನ್ನು ಕೇಳಿ.

ಏಕಾದಶಿ, ಶ್ರಾವಣ ಸೋಮವಾರದ ಉಪವಾಸ?

ಔಷಧಕ್ಕೆ ಉಪವಾಸವಿಲ್ಲ. ಹಣ್ಣೋ ಹಾಲೋ ತೆಗೆದುಕೊಂಡು ಗುಳಿಗೆ ನುಂಗಿ. ಅಡುಗೆಯ ಬೆಳ್ಳುಳ್ಳಿ, ಅರಿಶಿನ, ಶುಂಠಿಯಿಂದ ತೊಂದರೆಯಿಲ್ಲ. ಬೆಳ್ಳುಳ್ಳಿ ಕ್ಯಾಪ್ಸೂಲ್, ಗಿಂಕೊ ಎಂಬ ಗಿಡಮೂಲಿಕೆ, ಊರಿಂದ ತರಿಸಿದ ಲಕ್ವದ ಕಷಾಯದ ವಿಷಯವನ್ನು ಡಾಕ್ಟರಿಗೆ ಮುಚ್ಚಿಡಬೇಡಿ.

ನುಂಗಲು ಕಷ್ಟ. ಪುಡಿ ಮಾಡಿ ಕೊಡಬಹುದೇ?

ಇಕೋಸ್ಪ್ರಿನ್‌ನ ಹೊರಪದರ ಇರುವುದು ಅದು ಹೊಟ್ಟೆಯಲ್ಲಿ ಕರಗದೆ ಕರುಳಿನಲ್ಲಿ ಕರಗಲೆಂದು. ಪುಡಿ ಮಾಡಿದರೆ ಆ ಪದರ ಹೋಯಿತು. ನೀರಿನಲ್ಲಿ ಕರಗುವ ಆಸ್ಪಿರಿನ್ ಬರೆದುಕೊಡಲು ಕೇಳಿ. ಸ್ಟ್ರೋಕ್ ಆದ ಹೊಸದರಲ್ಲಿ ನೀರು ಕುಡಿದರೂ ಕೆಮ್ಮು ಬರುತ್ತಿದ್ದರೆ ಬಾಯಿಂದ ಏನನ್ನೂ ಕೊಡುವ ಮೊದಲು ನುಂಗುವ ಪರೀಕ್ಷೆ ಆಗಬೇಕು.

ಮತ್ತೆ ಬಾಯಿ ಸೊಟ್ಟಗಾದರೆ ಒಂದು ಆಸ್ಪಿರಿನ್ ಅಗಿಯಲು ಕೊಡಲೇ?

ಬೇಡ. ಎದೆನೋವಿಗೆ ಹೇಳುವ ಮಾತನ್ನು ಇಲ್ಲಿಗೆ ತರಬೇಡಿ. ಈ ಸಲ ಆಗಿರುವುದು ರಕ್ತಸ್ರಾವವಾಗಿದ್ದರೆ ನೀವೇ ಅದನ್ನು ಹೆಚ್ಚಿಸಿದಂತೆ. ಅಲ್ಲದೆ ನುಂಗುವ ಶಕ್ತಿ ಕೆಟ್ಟಿದ್ದರೆ ಗುಳಿಗೆ ಶ್ವಾಸನಾಳಕ್ಕೆ ಹೋಗಬಹುದು. ಮುಖ ವಾಲಿತೇ, ಎತ್ತಿದ ಕೈ ಕೆಳಗೆ ಬಿತ್ತೇ, ಮಾತು ತೊದಲಿತೇ, ಕಣ್ಣು ಮಂಜಾಯಿತೇ, ನಿಂತಲ್ಲೇ ತೂರಾಡಿದರೇ ನೋಡಿ. ಯಾವುದಾದರೂ ಒಂದು ಇದ್ದರೆ 108ಕ್ಕೆ ಫೋನ್ ಮಾಡಿ, ಮಹಾರಾಷ್ಟ್ರ, ಗೋವಾ ಎರಡರಲ್ಲೂ ಅದೇ ನಂಬರು. ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುವುದು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಪರೇಲ್‌ನ ದೊಡ್ಡ ಆಸ್ಪತ್ರೆಗೇ ಹೋಗೋಣ ಎಂದು ಹೈವೇಯಲ್ಲಿ ಎರಡು ಗಂಟೆ ಕಳೆಯುವುದಕ್ಕಿಂತ, ಹಗಲು ರಾತ್ರಿ ಸಿಟಿ ಸ್ಕ್ಯಾನ್ ನಡೆಯುವ, ಸ್ಟ್ರೋಕ್ ಚಿಕಿತ್ಸೆ ಕೊಡುವ ಹತ್ತಿರದ ಆಸ್ಪತ್ರೆ ಯಾವುದು ಎಂದು ಇವತ್ತೇ ವಿಚಾರಿಸಿ ಇಟ್ಟುಕೊಳ್ಳಿ. ಕೊನೆಯ ಸಲ ಅವರು ಸರಿಯಾಗಿದ್ದ ಹೊತ್ತು ಎಷ್ಟು, ಯಾವ ಗುಳಿಗೆ ನಡೆಯುತ್ತಿದೆ, ಈ ಎರಡನ್ನು ಅಲ್ಲಿ ಮೊದಲು ಹೇಳಿ.

ಗುಳಿಗೆ ತಪ್ಪದೆ ತೆಗೆದುಕೊಂಡರೆ ಸಾಕೇ?

ಸಾಲದು. ಮತ್ತೆ ಸ್ಟ್ರೋಕ್ ಬರಲು ದೊಡ್ಡ ಕಾರಣ ಬಿಪಿ. ಸಾಮಾನ್ಯವಾಗಿ 130/80ಕ್ಕಿಂತ ಕೆಳಗಿರಬೇಕೆನ್ನುತ್ತಾರೆ. ನಾಳದಲ್ಲಿ ಕೊಬ್ಬು ಕಟ್ಟಿದವರಿಗೆ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ 70ಕ್ಕಿಂತ ಕಡಿಮೆ. ಶುಗರ್ ಹತೋಟಿ. ಬೀಡಿ, ಸಿಗರೇಟು, ಗುಟ್ಕಾ, ಬೆಳಿಗ್ಗೆ ಹಲ್ಲಿಗೆ ತಿಕ್ಕುವ ಮಿಶ್ರಿ ಎಂಬ ತಂಬಾಕಿನ ಪುಡಿ, ಯಾವುದೂ ಬೇಡ. ಎದ್ದ ಕೂಡಲೇ ಮಿಶ್ರಿ ತಿಕ್ಕಿ, ನಾಷ್ಟಾದ ಮೇಲೆ ಆಸ್ಪಿರಿನ್ ನುಂಗುವ ಹಿರಿಯರನ್ನು ಕಂಡಾಗ ಸಂಕಟವಾಗುತ್ತದೆ. ಮಿಶ್ರಿಯನ್ನು ಅವರು ತಂಬಾಕು ಎಂದೇ ಎಣಿಸಿರುವುದಿಲ್ಲ.

ಅಪ್ಪನಿಗೆ ಆಗಿದೆ, ನನಗೂ ನಲವತ್ತೈದು. ನಾನೂ ಆಸ್ಪಿರಿನ್ ಶುರು ಮಾಡಲೇ?

ನಿಮಗೆ ಸ್ಟ್ರೋಕ್, ಹೃದಯಾಘಾತ ಯಾವುದೂ ಆಗಿಲ್ಲದಿದ್ದರೆ ನೀವಾಗಿ ಶುರು ಮಾಡಬೇಡಿ. ಅಂಥವರಲ್ಲಿ ಸಿಗುವ ಸಣ್ಣ ಲಾಭವನ್ನು ರಕ್ತಸ್ರಾವದ ಅಪಾಯ ನುಂಗಿಹಾಕುತ್ತದೆ ಎಂದು 2018ರಲ್ಲಿ ಬಂದ ದೊಡ್ಡ ಅಧ್ಯಯನಗಳು ತೋರಿಸಿವೆ. ಆಸ್ಪಿರಿನ್ ಬದಲು ಬಿಪಿ, ಶುಗರ್, ಕೊಲೆಸ್ಟರಾಲ್ ನೋಡಿಸಿಕೊಳ್ಳಿ.

ರಜೆಗೆ ಊರಿಗೆ ಹೋಗುವಾಗ?

ಮತ್ಸ್ಯಗಂಧ ರೈಲಿನಲ್ಲೋ ರಾತ್ರಿ ಬಸ್ಸಿನಲ್ಲೋ ಹೋಗುವಾಗ ಗುಳಿಗೆ ಸೀಟಿನ ಕೆಳಗಿನ ಸೂಟ್‌ಕೇಸಿನಲ್ಲಿ ಬೇಡ, ಕೈಚೀಲದಲ್ಲಿರಲಿ. ಊರಲ್ಲಿ ಉಳಿಯುವ ದಿನಕ್ಕಿಂತ ಒಂದು ವಾರದ್ದು ಹೆಚ್ಚು ಒಯ್ಯಿರಿ. ಚೀಟಿಯ ಫೋಟೊ ಮನೆಯ ಇಬ್ಬರ ಮೊಬೈಲಿನಲ್ಲಿ ಇರಲಿ. ಅಲ್ಲಿ ಅದೇ ಕಂಪನಿಯ ಗುಳಿಗೆ ಸಿಗದಿದ್ದರೆ ಬೇರೆ ಕಂಪನಿಯದು ಆಗುತ್ತದೆ, ಆದರೆ ಒಳಗಿನ ಔಷಧದ ಹೆಸರು ಮತ್ತು ಮಿಲಿಗ್ರಾಂ ಎರಡೂ ತಾಳೆಯಾಗಬೇಕು. ಖಾಲಿಯಾದ ಸ್ಟ್ರಿಪ್ಪನ್ನು ಎಸೆಯದೆ ಜೊತೆಗಿಟ್ಟುಕೊಂಡು ಅಲ್ಲಿನ ಅಂಗಡಿಯಲ್ಲಿ ತೋರಿಸಿ.